ರಕ್ತದ ತಿಳಿ ಕೊಟ್ಟವರು

ನಂಜನಗೂಡಿನ ಹಳೆಯ ಹೆಸರು ಗರಳಪುರಿ. ಗರಳವೆಂದರೂ ನಂಜೆಂದರೂ ವಿಷವೇ. ವಿಷ ಕುಡಿದ ದೇವರು ಇಲ್ಲಿ ನಂಜುಂಡ. ಈ ಹೆಸರಿಗೆ ಮುಂದೆ ನಮ್ಮ ಕಡೆಯ ಒಂದು ಬಿರುದೂ ಸೇರಿಕೊಂಡಿದೆ: ಹಕೀಮ್ ನಂಜುಂಡ. ಟಿಪ್ಪು ಸುಲ್ತಾನನ ಆನೆಗೆ ಕಣ್ಣಿನ ರೋಗ ಬಂದಿತ್ತಂತೆ. ಯಾವ ವೈದ್ಯರಿಂದಲೂ ವಾಸಿಯಾಗದ್ದು ಇಲ್ಲಿಯ ಪೂಜೆಯಿಂದ ವಾಸಿಯಾಯಿತಂತೆ. ಸುಲ್ತಾನ ಪಚ್ಚೆಯ ಲಿಂಗವೊಂದನ್ನು ಒಪ್ಪಿಸಿ ದೇವರನ್ನು ಹಕೀಮನೆಂದು ಕರೆದನಂತೆ. ಇದರಲ್ಲಿ ಇತಿಹಾಸ ಎಷ್ಟು, ಜನರ ಆಸೆ ಎಷ್ಟು ಎಂದು ತೂಗಿ ನೋಡುವ ಗೋಜಿಗೆ ನಾನು ಹೋಗುವುದಿಲ್ಲ. ಪಚ್ಚೆಲಿಂಗ ದೇವಾಲಯದಲ್ಲಿದೆ, ಹೆಸರು ಜನರ ಬಾಯಲ್ಲಿದೆ. ಅಷ್ಟು ಸಾಕು.

ಊರಿಗೂ ಔಷಧಕ್ಕೂ ಇರುವ ನಂಟು ಅಲ್ಲಿಗೇ ಮುಗಿಯಲಿಲ್ಲ. 1913ರಲ್ಲಿ ಬಿ.ವಿ. ಪಂಡಿತರು ಇಲ್ಲಿ ಸದ್ವೈದ್ಯಶಾಲೆಯನ್ನು ತೆರೆದರು. ಅಲ್ಲಿಂದ ಹೊರಟ ನಂಜನಗೂಡು ಹಲ್ಲುಪುಡಿ ಹಳೆಯ ಮೈಸೂರಿನ ಮನೆಮನೆಯ ಬಚ್ಚಲನ್ನು ತಲುಪಿತು. ನಮ್ಮ ಮೊಹಲ್ಲಾಗಳಲ್ಲಿ ಅದು ಮಿಸ್ವಾಕ್ ಕಡ್ಡಿಯ ಪಕ್ಕದಲ್ಲೇ ಗೂಡಿನಲ್ಲಿ ಕೂತಿರುತ್ತಿತ್ತು. ಆಮೇಲೆ ಕೈಗಾರಿಕಾ ಪ್ರದೇಶ ಬೆಳೆದು ಇಂಗ್ಲಿಷ್ ಔಷಧದ ಕಾರ್ಖಾನೆಯೂ ಬಂತು. ಆ ಕಾರ್ಖಾನೆ ಜುಬಿಲಂಟ್ ಜನೆರಿಕ್ಸ್. 2020ರ ಮಾರ್ಚ್ 26ರಂದು ಅಲ್ಲಿಯ ಒಬ್ಬ ನೌಕರನಿಗೆ ಕೊರೋನಾ ತಗುಲಿರುವುದು ಗೊತ್ತಾದಾಗ, ನಂಜು ಎಂಬ ಪದ ಹೊಸ ಅರ್ಥ ಹೊತ್ತು ಗರಳಪುರಿಗೆ ಮರಳಿತು.

ಆ ನೌಕರ ವಿದೇಶಕ್ಕೆ ಹೋಗಿ ಬಂದವನಲ್ಲ. ಹಾಗಾಗಿ ರೋಗ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಊರಿನಲ್ಲಿ ನೂರು ಉತ್ತರ ಹುಟ್ಟಿದವು. ಚೀನಾದಿಂದ ಬಂದ ಕಚ್ಚಾವಸ್ತುವಿನ ಪೆಟ್ಟಿಗೆಯೇ ಕಾರಣ ಎಂಬ ಮಾತು ಹಬ್ಬಿತು. ಸರ್ಕಾರ ತನಿಖೆಗೆ ಹಿರಿಯ ಅಧಿಕಾರಿ ಹರ್ಷ ಗುಪ್ತ ಅವರನ್ನು ನೇಮಿಸಿತು. ಸಾವಿರಕ್ಕೂ ಹೆಚ್ಚು ನೌಕರರು ಮನೆಯಿಂದ ಹೊರಗೆ ಕಾಲಿಡದಂತಾಯಿತು. ಸೋಂಕು ಅವರಿಂದ ಮನೆಯವರಿಗೂ ಹರಡಿ ಎಪ್ಪತ್ತು ದಾಟಿತು. ಹಳ್ಳಿಗಳವರು ರಸ್ತೆಗೆ ಮುಳ್ಳು ಎಳೆದು ಹೊರಗಿನವರನ್ನು ತಡೆಯುತ್ತಿದ್ದ ದಿನಗಳು ಅವು. ನಂಜನಗೂಡಿನ ಕಪಿಲೆ ತಿರುಮಕೂಡಲು ನರಸೀಪುರಕ್ಕೆ ಹೋಗಿ ಕಾವೇರಿಯನ್ನು ಸೇರುವುದನ್ನು ಯಾರೂ ತಡೆಯಲಾರರು. ನಂಜನಗೂಡಿನ ಮನುಷ್ಯ ಮಾತ್ರ ನರಸೀಪುರದ ನೆಂಟರ ಮನೆಗೆ ಹೋಗುವಂತಿರಲಿಲ್ಲ.

ಅದೇ ದಿನಗಳಲ್ಲಿ ದೆಹಲಿಯ ನಿಜಾಮುದ್ದೀನ್ ಮರ್ಕಜಿನ ಸುದ್ದಿ ಬಂತು. ಮೈಸೂರು ಜಿಲ್ಲೆಯ ರೋಗಿಗಳ ಪಟ್ಟಿಯಲ್ಲಿ ಕಾರ್ಖಾನೆಯವರೂ ಇದ್ದರು, ತಬ್ಲೀಗಿಗೆ ಹೋಗಿ ಬಂದವರೂ ಇದ್ದರು. ಮೊದಲನೆಯವರನ್ನು ಜನ ಹೆದರಿ ದೂರ ಇಟ್ಟರು. ಎರಡನೆಯವರನ್ನು ಹೆದರಿದ್ದಷ್ಟೇ ಅಲ್ಲ, ಬೈದರು. ಬೇಕೆಂದೇ ರೋಗ ಹರಡುವವರೆಂದು ಟಿ.ವಿ.ಯಲ್ಲಿ ಹಗಲೂ ರಾತ್ರಿ ಹೇಳಲಾಯಿತು. ಮೇ ತಿಂಗಳ ಮಧ್ಯದ ಹೊತ್ತಿಗೆ ಜಿಲ್ಲೆಯ 90 ರೋಗಿಗಳೂ ವಾಸಿಯಾಗಿ ಮನೆ ಸೇರಿದರು. ಕಾರ್ಖಾನೆಯವರ ಮೇಲಿನ ಅನುಮಾನ ಅಲ್ಲಿಗೆ ತೊಳೆದುಹೋಯಿತು. ಇನ್ನೊಂದು ತೊಳೆದುಹೋಗಲಿಲ್ಲ. ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2020ರ ಆಗಸ್ಟಿನಲ್ಲಿ ರದ್ದು ಮಾಡಿ, ಅವರನ್ನು ಹರಕೆಯ ಕುರಿ ಮಾಡಲಾಯಿತು ಎಂಬರ್ಥದ ಮಾತು ಬರೆಯಿತು. ಆ ತೀರ್ಪನ್ನು ಎಷ್ಟು ಚಾನೆಲ್ಲುಗಳು ಹಗಲೂ ರಾತ್ರಿ ಹೇಳಿದವು?

ಈ ಬೈಗುಳದ ನಡುವೆಯೇ ಒಂದು ಬೇಡಿಕೆ ಬಂತು. ಯಾರನ್ನು ನೋಡಿ ಜನ ರಸ್ತೆ ಬದಲಿಸುತ್ತಿದ್ದರೋ ಅವರ ಮೈಯಲ್ಲಿರುವ ಒಂದು ವಸ್ತು ಬೇಕಾಗಿತ್ತು. ಅದು ಪ್ಲಾಸ್ಮಾ.

ಪ್ಲಾಸ್ಮಾ ಎಂದರೆ ರಕ್ತದ ತಿಳಿ. ಗಂಜಿಯ ಮೇಲೆ, ಮಜ್ಜಿಗೆಯ ಮೇಲೆ ತಿಳಿ ನಿಲ್ಲುತ್ತದಲ್ಲ, ಹಾಗೆಯೇ ರಕ್ತವನ್ನು ಹೆಪ್ಪುಗಟ್ಟದಂತೆ ಮಾಡಿ ಇಟ್ಟರೆ ಕೆಂಪುಕಣಗಳು ತಳಕ್ಕೆ ಇಳಿದು ಮೇಲೆ ಹುಲ್ಲಿನ ಬಣ್ಣದ ಹಳದಿ ನೀರು ನಿಲ್ಲುತ್ತದೆ. ರಕ್ತದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಇದೇ. ಇದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬರೀ ನೀರು. ಉಳಿದದ್ದರಲ್ಲಿ ಇದೆ ಮಹತ್ವದ್ದೆಲ್ಲ: ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಆಲ್ಬುಮಿನ್, ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಅಂಶಗಳು, ಒಮ್ಮೆ ಬಂದ ರೋಗವನ್ನು ಗುರುತಿಟ್ಟುಕೊಂಡು ಹೊಡೆಯುವ ಪ್ರತಿಕಾಯಗಳು. ಉರ್ದು ಶಾಲೆಯಲ್ಲಿ ಓದಿದವರಿಗೆ ಯುನಾನಿಯ ನಾಲ್ಕು ರಸಗಳು ನೆನಪಿರಬಹುದು: ಖೂನ್, ಬಲ್ಗಮ್, ಸಫ್ರಾ, ಸೌದಾ. ಸಫ್ರಾ ಎಂದರೆ ಹಳದಿ ಪಿತ್ತ. ಪಾತ್ರೆಯಲ್ಲಿ ನಿಂತ ರಕ್ತ ಬಣ್ಣ ಬಣ್ಣದ ಪದರಗಳಾಗುವುದನ್ನು ನೋಡಿಯೇ ಹಳಬರು ನಾಲ್ಕು ರಸಗಳ ಲೆಕ್ಕ ಹಾಕಿರಬೇಕು, ಮೇಲಿನ ಹಳದಿ ತಿಳಿಯೇ ಅವರ ಸಫ್ರಾ ಎಂದು ಸ್ವೀಡನ್ನಿನ ವೈದ್ಯ ಫಾರೇಯಸ್ ಸುಮಾರು ನೂರು ವರ್ಷದ ಹಿಂದೆ ಊಹಿಸಿದ. ಊಹೆಯೇ ಇರಲಿ, ನನಗೆ ಇಷ್ಟವಾದ ಊಹೆ.

ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವ ಪ್ರಯತ್ನ ಮನುಷ್ಯರಿಂದ ಆರಂಭವಾಗಲಿಲ್ಲ, ಕುರಿಯಿಂದ ಆರಂಭವಾಯಿತು. 1667ರಲ್ಲಿ ಪ್ಯಾರಿಸ್ಸಿನ ಜ್ಯಾಂ ಬ್ಯಾಪ್ಟಿಸ್ಟ್ ದೆನಿ ಎಂಬ ವೈದ್ಯ ಜ್ವರದ ಹುಡುಗನೊಬ್ಬನಿಗೆ ಕುರಿಮರಿಯ ರಕ್ತ ಕೊಟ್ಟ. ಹುಡುಗ ಹೇಗೋ ಬದುಕಿದ. ಆಮೇಲೆ ಕರುವಿನ ರಕ್ತ ಪಡೆದ ಇನ್ನೊಬ್ಬ ಸತ್ತು, ಮೊಕದ್ದಮೆಯಾಗಿ, ಈ ಪದ್ಧತಿಯೇ ನಿಷೇಧವಾಯಿತು. ಬನ್ನೂರು ಕುರಿಯ ಸೀಮೆಯ ನಾವು ಕುರಿಯ ಋಣವನ್ನು ಬಕ್ರೀದಿಗೆ, ಹಬ್ಬ ಜಾತ್ರೆಗಳಿಗೆ ಮಾತ್ರ ಲೆಕ್ಕ ಹಾಕುತ್ತೇವೆ. ವೈದ್ಯದ ಲೆಕ್ಕವೂ ಇದೆ. ಮನುಷ್ಯರಲ್ಲೂ ರಕ್ತದ ಗುಂಪುಗಳು ಬೇರೆ ಬೇರೆ ಎಂದು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತೋರಿಸಿದ್ದು 1901ರಲ್ಲಿ.

ಆದರೆ ರಕ್ತದ ತಿಳಿ ಔಷಧವಾದದ್ದು ಅದಕ್ಕಿಂತ ಮೊದಲು. 1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿತಾಸಾತೊ ಒಂದು ವಿಷಯ ಕಂಡುಕೊಂಡರು. ಧನುರ್ವಾಯುವಿನ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟು ಪಳಗಿಸಿದ ಪ್ರಾಣಿಯ ರಕ್ತದ ತಿಳಿಯನ್ನು ಇನ್ನೊಂದು ಪ್ರಾಣಿಗೆ ಚುಚ್ಚಿದರೆ ಅದೂ ವಿಷಕ್ಕೆ ಜಗ್ಗುವುದಿಲ್ಲ. ಗಂಟಲಮಾರಿಗೂ ಇದೇ ದಾರಿ. ಬೇರಿಂಗನಿಗೆ 1901ರಲ್ಲಿ ಮೊಟ್ಟಮೊದಲ ವೈದ್ಯಕೀಯ ನೊಬೆಲ್ ಸಿಕ್ಕಿತು, ಕಿತಾಸಾತೊಗೆ ಸಿಗಲಿಲ್ಲ.

ಈ ಚಿಕಿತ್ಸೆ ನಮ್ಮ ಸೀಮೆಯ ರೈತನಿಗೆ ಹೊಸದಲ್ಲ. ನರಸೀಪುರದ ಗದ್ದೆಬಯಲಿನಲ್ಲಿ, ಕಬ್ಬಿನ ತೋಟದಲ್ಲಿ ಕೊಳಕುಮಂಡಲವೋ ನಾಗರವೋ ಕಟ್ಟುಹಾವೋ ಕಚ್ಚಿ, ಆಸ್ಪತ್ರೆಗೆ ಹೊತ್ತು ತಂದವನಿಗೆ ಡ್ರಿಪ್ಪಿನಲ್ಲಿ ಹಾಕುವ ಔಷಧ ಕುದುರೆಯ ಪ್ಲಾಸ್ಮಾದಿಂದಲೇ ತಯಾರಾದದ್ದು. ಮದರಾಸಿನ ಸಮೀಪ ಇರುಳ ಜನರ ಸಹಕಾರ ಸಂಘ ಹಾವು ಹಿಡಿದು ವಿಷ ತೆಗೆಯುತ್ತದೆ, ಹಾವನ್ನು ಮತ್ತೆ ಕಾಡಿಗೆ ಬಿಡುತ್ತದೆ. ಆ ವಿಷವನ್ನು ಕುದುರೆಗೆ ಕಣದಷ್ಟು ಕಣದಷ್ಟು ಕೊಡುತ್ತಾರೆ. ಕುದುರೆ ನಂಜುಂಡು ಬದುಕುತ್ತದೆ. ಅದರ ರಕ್ತ ತೆಗೆದು, ತಿಳಿಯನ್ನು ಬೇರೆ ಮಾಡಿ, ಕೆಂಪುಕಣಗಳನ್ನು ಅದರ ಮೈಗೇ ಹಿಂದಿರುಗಿಸುತ್ತಾರೆ. ಹಿಂದಿರುಗಿಸದಿದ್ದರೆ ಕುದುರೆ ರಕ್ತಹೀನತೆಯಿಂದ ನರಳುತ್ತದೆ. ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕೆಂಬ ಆದೇಶ 2024ರಲ್ಲಿ ಬಂತು. ಇಷ್ಟು ವರ್ಷ ಅದರ ಲೆಕ್ಕವೇ ಇರಲಿಲ್ಲ ಎಂದಾಯಿತು. ಕುದುರೆಯ ಲೆಕ್ಕವನ್ನಂತೂ ಕೇಳುವವರಿಲ್ಲ.

ಕೊಟ್ಟವರ ಕೆಂಪುಕಣ ಕೊಟ್ಟವರಿಗೇ ವಾಪಸು ಎಂಬುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಪ್ಲಾಸ್ಮಾ ದಾನದ ಇಡೀ ಸುರಕ್ಷತೆ ನಿಂತಿರುವುದು ಅದರ ಮೇಲೆ. 1914ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾನ್ ಏಬಲ್ ನಾಯಿಗಳ ಮೇಲೆ ಇದನ್ನು ಮಾಡಿ ನೋಡಿ ‘ಪ್ಲಾಸ್ಮಾಫೆರೆಸಿಸ್’ ಎಂದು ಹೆಸರಿಟ್ಟ. ಮನುಷ್ಯರಿಂದ ಈ ರೀತಿ ಪ್ಲಾಸ್ಮಾ ಸಂಗ್ರಹಿಸುವುದನ್ನು ಬಾರ್ಸಿಲೋನಾದ ವೈದ್ಯ ಗ್ರಿಫೋಲ್ಸ್ ಲೂಕಾಸ್ 1951ರಲ್ಲಿ ಜಗತ್ತಿನ ಮುಂದಿಟ್ಟ. ರಕ್ತವನ್ನು ಮೈಯಿಂದ ತೆಗೆಯುತ್ತಲೇ ಬೇರ್ಪಡಿಸಿ ವಾಪಸು ಕೊಡುವ ಯಂತ್ರ ಬಂದದ್ದು 1960ರ ದಶಕದಲ್ಲಿ. ಅದರ ಹಿಂದೆ ಒಬ್ಬ ತಂದೆ ಇದ್ದಾನೆ: ಐಬಿಎಂ ಕಂಪೆನಿಯ ಎಂಜಿನಿಯರ್ ಜಾರ್ಜ್ ಜಡ್ಸನ್. ಮಗನಿಗೆ ರಕ್ತದ ಕ್ಯಾನ್ಸರ್ ಬಂದಾಗ ಆಸ್ಪತ್ರೆಯವರ ಪಾಡು ನೋಡಲಾರದೆ, ಕೆಲಸಕ್ಕೆ ರಜೆ ಹಾಕಿ ಯಂತ್ರ ಕಟ್ಟಲು ಕೂತವನು.

ಯುದ್ಧಕಾಲದ ಒಂದು ಹೆಸರನ್ನು ಇಲ್ಲಿ ಹೇಳಲೇಬೇಕು. 1940ರಲ್ಲಿ ಜರ್ಮನಿಯ ಬಾಂಬು ಬೀಳುತ್ತಿದ್ದ ಇಂಗ್ಲೆಂಡಿಗೆ ಅಮೆರಿಕದಿಂದ ಪ್ಲಾಸ್ಮಾ ಕಳಿಸುವ ಕಾರ್ಯ ನಡೆಯಿತು. ಅದನ್ನು ವ್ಯವಸ್ಥೆ ಮಾಡಿದವನು ಚಾರ್ಲ್ಸ್ ಡ್ರೂ ಎಂಬ ಕರಿಯ ವೈದ್ಯ. ಆಮೇಲೆ ಅಮೆರಿಕದ ಸೈನ್ಯಕ್ಕೆ ರಕ್ತ ಸಂಗ್ರಹ ಆರಂಭವಾದಾಗ ರೆಡ್‌ಕ್ರಾಸ್ ಕರಿಯರ ರಕ್ತ ಬೇಡವೆಂದಿತು. ಗಲಾಟೆಯಾದ ಮೇಲೆ ಬೇಕು, ಆದರೆ ಬೇರೆ ಇಡುತ್ತೇವೆ ಎಂದಿತು. ಇದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ ಎಂದು ಡ್ರೂ ಹೇಳುತ್ತಲೇ ಇದ್ದ. ಬೇರೆ ಬಾಟಲಿಯ ಪದ್ಧತಿ ಹೋದದ್ದು 1950ರಲ್ಲಿ. ಡ್ರೂ ಅದೇ ವರ್ಷ ಕಾರು ಅಪಘಾತದಲ್ಲಿ ತೀರಿಕೊಂಡ. ಬೇರೆ ಲೋಟ, ಬೇರೆ ಕಪ್ಪು ನೋಡಿ ಗೊತ್ತಿರುವ ನಮ್ಮ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ 2020ರ ಏಪ್ರಿಲಿಗೆ ಮರಳೋಣ. ರೋಗದಿಂದ ವಾಸಿಯಾದವರ ಪ್ಲಾಸ್ಮಾದಲ್ಲಿ ಪ್ರತಿಕಾಯಗಳಿರುತ್ತವೆ, ಅದನ್ನು ನರಳುತ್ತಿರುವವರಿಗೆ ಕೊಟ್ಟರೆ ಉಳಿದಾರು ಎಂಬುದು ಬೇರಿಂಗನ ಕಾಲದ ತರ್ಕವೇ. 1918ರ ಮಹಾ ಜ್ವರದಲ್ಲೂ ಇದನ್ನು ಮಾಡಿ ನೋಡಿದ್ದರು. ಮೌಲಾನಾ ಸಾದ್ ಅವರು ವಾಸಿಯಾದ ತಬ್ಲೀಗಿಗಳೆಲ್ಲ ಪ್ಲಾಸ್ಮಾ ಕೊಡಬೇಕೆಂದು ಪತ್ರ ಬರೆದರು. ಏಪ್ರಿಲ್ 25ಕ್ಕೆ ರಮ್ಜಾನ್ ಉಪವಾಸ ಆರಂಭವಾಯಿತು. ದೆಹಲಿಯಲ್ಲಿ ತಬ್ಲೀಗಿಗಳು ಸಾಲಾಗಿ ಬಂದು ಕೊಟ್ಟರು. ಅದೇ ದಿನಗಳಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲೂ ಪ್ಲಾಸ್ಮಾ ಚಿಕಿತ್ಸೆಗೆ ಚಾಲನೆ ಸಿಕ್ಕಿತು. ಬೈಯಿಸಿಕೊಂಡವರು ಕೊಡುತ್ತಿದ್ದಾರೆ, ಇದನ್ನು ಮಾತ್ರ ಯಾರೂ ತೋರಿಸುತ್ತಿಲ್ಲವಲ್ಲ ಎಂಬರ್ಥದ ಎರಡು ಸಾಲನ್ನು ಕರ್ನಾಟಕ ಶ್ರೇಣಿಯ ಐಎಎಸ್ ಅಧಿಕಾರಿ ಮೊಹಮ್ಮದ್ ಮೊಹ್ಸಿನ್ ಏಪ್ರಿಲ್ 27ರಂದು ಟ್ವೀಟ್ ಮಾಡಿದರು. ಮೂರು ದಿನದಲ್ಲಿ ರಾಜ್ಯ ಸರ್ಕಾರದ ನೋಟಿಸು ಬಂತು, ಐದು ದಿನದಲ್ಲಿ ಉತ್ತರ ಕೊಡಿ ಎಂದು. ಅಂದರೆ ಪ್ಲಾಸ್ಮಾ ಕೊಡಬಹುದು, ಕೊಟ್ಟರೆಂದು ಹೇಳಬಾರದು.

ಆ ತಿಂಗಳುಗಳಲ್ಲಿ ಮೊಹಲ್ಲಾಗಳಲ್ಲಿ ಎದ್ದ ಪ್ರಶ್ನೆಗಳು ಇತಿಹಾಸದ ಪುಸ್ತಕಕ್ಕೆ ಸೇರುವುದಿಲ್ಲ. ಆದರೂ ಅವನ್ನು ಇಲ್ಲಿ ಬರೆದಿಡಬೇಕು ಅನ್ನಿಸುತ್ತದೆ. ರಕ್ತ ಕೊಟ್ಟರೆ ರೋಜಾ ಮುರಿಯುತ್ತದೆಯೆ? ಹಿಜಾಮಾದ ಚರ್ಚೆಯನ್ನೇ ಆಧಾರ ಮಾಡಿಕೊಂಡು ಹನಫಿ ಉಲೇಮಾಗಳು ಕೊಡುವ ಉತ್ತರ ಇಷ್ಟು: ಮೈಯಿಂದ ಹೊರಗೆ ಹೋದದ್ದು ರೋಜಾ ಮುರಿಯುವುದಿಲ್ಲ, ಆದರೆ ಉಪವಾಸ ಮುಗಿಸಲಾರದಷ್ಟು ನಿತ್ರಾಣ ಬರುವ ಹಾಗಿದ್ದರೆ ಬೇಡ. ವೈದ್ಯರೂ ಹೊಟ್ಟೆಗೆ ತಿಂದು, ಚೆನ್ನಾಗಿ ನೀರು ಕುಡಿದು ಬಂದವರನ್ನೇ ಬಯಸುತ್ತಾರೆ. ಹಾಗಾಗಿ ಇಫ್ತಾರ್ ಆದ ಮೇಲೆ ಕೊಡುವುದು ಇಬ್ಬರಿಗೂ ಒಪ್ಪುವ ದಾರಿ. ಎರಡನೆಯ ಪ್ರಶ್ನೆ ಹೆಂಗಸರದು: “ಇವರ ಮೈಯ ಶಕ್ತಿನೆಲ್ಲ ಕೊಟ್ಬಿಟ್ರೆ ಆ ರೋಗ ಇವರಿಗೇ ತಿರುಗಿ ಬರಲ್ವಾ?” ಬರುವುದಿಲ್ಲ. ಒಂದು ಸಲಕ್ಕೆ ತೆಗೆಯುವುದು ಹೆಚ್ಚೆಂದರೆ 500 ಮಿಲಿಲೀಟರ್. ದೊಡ್ಡವರ ಮೈಯಲ್ಲಿ ಇರುವ ಪ್ಲಾಸ್ಮಾ ಎರಡೂವರೆಯಿಂದ ಮೂರು ಲೀಟರ್. ಹೋದ ನೀರು ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಪ್ರೋಟೀನಿಗೆ ಇನ್ನಷ್ಟು ದಿನ ಬೇಕು. ಪ್ರತಿಕಾಯವನ್ನು ಮೈ ತಯಾರಿಸುತ್ತಲೇ ಇರುತ್ತದೆ, ಬಾವಿಯ ಒರತೆಯ ಹಾಗೆ.

ಕೊಡುವ ಕುರ್ಚಿಯ ಮೇಲೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಭಯ ಹೆಚ್ಚಾಗಿ ಗೊತ್ತಿಲ್ಲದ್ದರಿಂದ ಬರುವುದು. ಮೊದಲು ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ನೋಡುತ್ತಾರೆ. ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗುತ್ತದೆ. ಒಂದು ತೋಳಿಗೆ ಸೂಜಿ. ರಕ್ತ ಸಣ್ಣ ಕೊಳವೆಯಲ್ಲಿ ಯಂತ್ರಕ್ಕೆ ಹೋಗುತ್ತದೆ, ಅಲ್ಲಿ ಗಿರಗಿರನೆ ತಿರುಗಿ ಬೇರ್ಪಡುತ್ತದೆ. ಹಳದಿ ತಿಳಿ ಚೀಲಕ್ಕೆ, ಕೆಂಪು ಮತ್ತೆ ಮೈಗೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ರಕ್ತ ಹರಿಯುವ ಕೊಳವೆ, ಬಟ್ಟಲು, ಚೀಲ, ಸೂಜಿ ಎಲ್ಲವೂ ಒಬ್ಬರಿಗೆ ಒಂದೇ ಸಲ, ಆಮೇಲೆ ಎಸೆಯುತ್ತಾರೆ. ಹಾಗಾಗಿ ಇನ್ನೊಬ್ಬರ ರೋಗ ಬರುವ ದಾರಿ ಇಲ್ಲ. ರಕ್ತ ಕೊಳವೆಯಲ್ಲಿ ಗಟ್ಟಿಯಾಗದಿರಲೆಂದು ಸಿಟ್ರೇಟ್ ಬೆರೆಸುತ್ತಾರೆ. ಅದು ವಾಪಸು ರಕ್ತದ ಜೊತೆ ಮೈಗೆ ಬಂದು ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಮ್ಮನ್ನು, ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಆಗ ತುಟಿ, ಬೆರಳ ತುದಿ ಜುಮ್ಮೆನ್ನುತ್ತದೆ. ಸಂಕೋಚ ಬಿಟ್ಟು ಕೂಡಲೇ ಹೇಳಬೇಕು. ಯಂತ್ರದ ವೇಗ ತಗ್ಗಿಸುತ್ತಾರೆ, ಕ್ಯಾಲ್ಸಿಯಂ ಕೊಡುತ್ತಾರೆ. ಕೆಲವರಿಗೆ ತಲೆ ಸುತ್ತುತ್ತದೆ, ಸೂಜಿ ಚುಚ್ಚಿದಲ್ಲಿ ಕಂದುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಅಪರೂಪ, ಆದರೆ ಇಲ್ಲವೇ ಇಲ್ಲ ಎಂದು ಹೇಳುವವರನ್ನು ನಂಬಬೇಡಿ. ಕೊರೋನಾ ಕಾಲದಲ್ಲಿ ಗರ್ಭ ಧರಿಸಿದ್ದ ಹೆಂಗಸರಿಂದ ಪ್ಲಾಸ್ಮಾ ಪಡೆಯದಿದ್ದುದಕ್ಕೆ ಕಾರಣ ಮೈಲಿಗೆ ಗಿಯ್ಲಿಗೆ ಅಲ್ಲ. ಬಸಿರಿನಲ್ಲಿ ಮಗುವಿನ ಕಣಗಳ ವಿರುದ್ಧ ತಾಯಿಯ ಮೈಯಲ್ಲಿ ಹುಟ್ಟಿರಬಹುದಾದ ಪ್ರತಿಕಾಯ ರೋಗಿಯ ಶ್ವಾಸಕೋಶಕ್ಕೆ ಹಾನಿ ಮಾಡಬಹುದು, ಅದಕ್ಕೆ.

ಇಷ್ಟು ಎಚ್ಚರಿಕೆ ಬಂದದ್ದು ಸುಮ್ಮನೆ ಅಲ್ಲ. 1980ರ ದಶಕದಲ್ಲಿ ನಮ್ಮ ದೇಶದಲ್ಲಿ ರಕ್ತ, ಪ್ಲಾಸ್ಮಾ ಮಾರಿ ಬದುಕುವ ಬಡವರ ಒಂದು ವರ್ಗವೇ ಇತ್ತು. ಪುಣೆಯಲ್ಲಿ ಪ್ಲಾಸ್ಮಾ ಮಾರುವವರಲ್ಲಿ ಎಚ್‌ಐವಿ ಹಬ್ಬಿದ್ದನ್ನು ವಿಜ್ಞಾನಿಗಳು 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಇನ್ನೂ ಘೋರವಾದದ್ದು ಚೀನಾದ ಹೆನಾನ್ ಪ್ರಾಂತ್ಯದಲ್ಲಿ ನಡೆಯಿತು. 1990ರ ದಶಕದ ಆರಂಭದಲ್ಲಿ ಅಲ್ಲಿಯ ಬಡ ರೈತರು ಸಾಲುಗಟ್ಟಿ ಪ್ಲಾಸ್ಮಾ ಮಾರಿದರು. ಹತ್ತಾರು ಜನರ ರಕ್ತವನ್ನು ಒಟ್ಟಿಗೆ ಸುರಿದು, ತಿಳಿ ತೆಗೆದುಕೊಂಡು, ಉಳಿದ ಕೆಂಪನ್ನು ಎಲ್ಲರಿಗೂ ಹಂಚಿ ಚುಚ್ಚಿದರು. ಕುದುರೆಗೂ ಅದರದೇ ಕೆಂಪುಕಣ ವಾಪಸು ಕೊಡುವ ಲೋಕದಲ್ಲಿ, ಮನುಷ್ಯನಿಗೆ ಯಾರದೋ ಕೊಟ್ಟರು. ಒಬ್ಬನ ಎಚ್‌ಐವಿ ಊರಿಗೆಲ್ಲ ಬಂತು. ಇದನ್ನು ಹೊರಗೆಡವಿದ ಗಾವೋ ಯಾವೊಜಿ ಎಂಬ ವಯಸ್ಸಾದ ವೈದ್ಯೆ ಗೃಹಬಂಧನ ಅನುಭವಿಸಿ, ದೇಶ ಬಿಟ್ಟು, 2023ರಲ್ಲಿ ಅಮೆರಿಕದಲ್ಲಿ ಕೊನೆಯುಸಿರೆಳೆದರು.

ಭಾರತದಲ್ಲಿ ‘ಕಾಮನ್ ಕಾಸ್’ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಜನವರಿ 4ರಂದು ತೀರ್ಪು ಕೊಟ್ಟಿತು. ಅದರಂತೆ 1998ರ ಜನವರಿ 1ರಿಂದ ರಕ್ತ ಮಾರುವ ವೃತ್ತಿ ನಿಂತಿತು. ನಮ್ಮ ಧರ್ಮಗ್ರಂಥಗಳನ್ನು ಓದಿದವರಿಗೆ ಈ ತೀರ್ಪು ಅಪರಿಚಿತವಾಗಿ ಕಾಣುವುದಿಲ್ಲ. ರಕ್ತದ ಬೆಲೆ ತೆಗೆದುಕೊಳ್ಳುವುದನ್ನು ಪ್ರವಾದಿಯವರು ನಿಷೇಧಿಸಿದರೆಂಬ ಹದೀಸ್ ಬುಖಾರಿಯಲ್ಲಿದೆ. ರಕ್ತದ ಬೆಲೆ ಎಂದರೆ ಹಿಜಾಮಾ ಮಾಡುವವನ ಕೂಲಿ ಎಂದು ಅರ್ಥ ಮಾಡಿದವರೂ ಉಂಟು. ಆದರೆ ಪ್ರವಾದಿಯವರೇ ಹಿಜಾಮಾ ಮಾಡಿಸಿಕೊಂಡು ಕೂಲಿ ಕೊಟ್ಟ ಹದೀಸೂ ಇರುವುದರಿಂದ, ರಕ್ತವನ್ನು ಸರಕು ಮಾಡಬಾರದೆಂಬ ಅರ್ಥವೇ ನನಗೆ ಸರಿ ಕಾಣುತ್ತದೆ. ಅದಕ್ಕೇ 2020ರ ಜುಲೈಯಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಮಾ ಕೊಟ್ಟವರಿಗೆ ಐದು ಸಾವಿರ ರೂಪಾಯಿ ಪ್ರೋತ್ಸಾಹಧನ ಘೋಷಿಸಿದಾಗ ನನ್ನ ಮನಸ್ಸು ಹಿಂಜರಿಯಿತು. ಸರ್ಕಾರದ ಉದ್ದೇಶ ಕೆಟ್ಟದ್ದಲ್ಲ. ಕೊಡುವವರು ಸಾಲುತ್ತಿರಲಿಲ್ಲ, ಕೆಲಸವಿಲ್ಲದೆ ಕೂತವರಿಗೆ ಆ ಹಣ ದೊಡ್ಡದೇ. ದೊಡ್ಡದು ಎಂಬುದೇ ತೊಂದರೆ. ಹಣ ಬೇಕಾದವನು ಜ್ವರವನ್ನು, ಹಳೆಯ ಕಾಮಾಲೆಯನ್ನು ಮುಚ್ಚಿಡುತ್ತಾನೆ. ಅಮೆರಿಕದಲ್ಲಿ ಈಗಲೂ ಹಣ ಕೊಟ್ಟು ಪ್ಲಾಸ್ಮಾ ಪಡೆಯುತ್ತಾರೆ, ಒಬ್ಬರೇ ವಾರಕ್ಕೆ ಎರಡು ಸಲ ಕೊಡಲು ಅಲ್ಲಿ ಅನುಮತಿ ಇದೆ, ಜಗತ್ತಿನ ಪ್ಲಾಸ್ಮಾದ ದೊಡ್ಡ ಪಾಲು ಬರುವುದೂ ಅಲ್ಲಿಂದಲೇ. ಪರೀಕ್ಷೆಗಳು ಬಿಗಿಯಾಗಿರುವುದರಿಂದ ರೋಗಿಗೆ ಅಪಾಯ ಕಡಿಮೆ. ವರ್ಷಗಟ್ಟಲೆ ವಾರಕ್ಕೆರಡು ಸಲ ಕೊಟ್ಟವನ ಮೈಯಲ್ಲಿ ಪ್ರತಿಕಾಯದ ಮಟ್ಟ ಇಳಿಯುತ್ತದೆ ಎಂಬುದು ಬೇರೆ ಮಾತು.

ಕೊರೋನಾದ ಪ್ಲಾಸ್ಮಾ ಕೊನೆಗೆ ಫಲ ಕೊಟ್ಟಿತೆ? ಕೊಡಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಏಪ್ರಿಲಿನಿಂದ ಜುಲೈವರೆಗೆ 39 ಆಸ್ಪತ್ರೆಗಳ 464 ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿತು. ರೋಗ ಉಲ್ಬಣಿಸಿದವರು ಅಥವಾ ಸತ್ತವರು ಪ್ಲಾಸ್ಮಾ ಪಡೆದ ಗುಂಪಿನಲ್ಲಿ 44, ಪಡೆಯದ ಗುಂಪಿನಲ್ಲಿ 41. ಅಂದರೆ ವ್ಯತ್ಯಾಸವೇ ಇಲ್ಲ. ಬ್ರಿಟನ್ನಿನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯೂ ಇದನ್ನೇ ಹೇಳಿತು. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ ಜನ ಪ್ಲಾಸ್ಮಾಕ್ಕಾಗಿ ಫೋನು ಹಿಡಿದು ಅಂಗಲಾಚುತ್ತಿದ್ದ ಹೊತ್ತಿನಲ್ಲೇ, ಅದನ್ನು ಚಿಕಿತ್ಸೆಯ ಪಟ್ಟಿಯಿಂದ ತೆಗೆಯಲಾಯಿತು. ಬೇರಿಂಗನ ಕುದುರೆಗಳು ವಿಷಕ್ಕೆ ಪಳಗಿದಂತೆ ಕೊರೋನಾದಿಂದ ವಾಸಿಯಾದ ಮನುಷ್ಯ ಪಳಗಿರುವುದಿಲ್ಲ. ಒಬ್ಬನಲ್ಲಿ ಪ್ರತಿಕಾಯ ಹೆಚ್ಚು, ಒಬ್ಬನಲ್ಲಿ ಅತಿ ಕಡಿಮೆ. ರೋಗಿ ಆಸ್ಪತ್ರೆ ಸೇರುವ ಹೊತ್ತಿಗೆ ಅವನ ಮೈಯೇ ಅದನ್ನು ತಯಾರಿಸತೊಡಗಿರುತ್ತದೆ.

ಹಾಗಾದರೆ ಬೈಯಿಸಿಕೊಂಡೇ ಬಂದು ಕೊಟ್ಟವರದು ವ್ಯರ್ಥವಾಯಿತೆ ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ. ಅವನು ಎರಡು ಸಲ ಕೊಟ್ಟಿದ್ದ. ಪರೀಕ್ಷೆಗೆ ಸೇರಿದ ಅರ್ಧದಷ್ಟು ರೋಗಿಗಳಿಗೆ ಪ್ಲಾಸ್ಮಾ ಸಿಕ್ಕಿದ್ದರಿಂದಲೇ ಇದು ಔಷಧವಲ್ಲ ಎಂಬ ಸತ್ಯ ಗೊತ್ತಾಯಿತು, ಆ ಪ್ಲಾಸ್ಮಾ ನಿನ್ನಂಥವರೇ ಕೊಟ್ಟದ್ದು ಎಂದೆ. ಅವನಿಗೆ ಅದು ಸಮಾಧಾನವಾದಂತೆ ಕಾಣಲಿಲ್ಲ. ತನ್ನ ಪ್ಲಾಸ್ಮಾ ಪಡೆದವನು ಬದುಕಿದನೇ ಎಂಬುದು ಅವನಿಗೆ ಬೇಕಾಗಿದ್ದ ಉತ್ತರ. ಅದನ್ನು ಯಾರೂ ಹೇಳಿರಲಿಲ್ಲ.

ಕೊರೋನಾಕ್ಕೆ ಆಗದಿದ್ದರೇನು, ಪ್ಲಾಸ್ಮಾ ಬೇಕಾದವರು ನಮ್ಮ ನಡುವೆಯೇ ಇದ್ದಾರೆ. ಸುಟ್ಟಗಾಯದವರು, ಯಕೃತ್ತು ಕೆಟ್ಟವರು, ಹುಟ್ಟಿನಿಂದಲೇ ಪ್ರತಿಕಾಯ ಇಲ್ಲದ ಮಕ್ಕಳು. ಅವರಿಗೆ ಬೇಕಾಗುವುದು ಹೆಚ್ಚಾಗಿ ಯಂತ್ರದಿಂದ ತೆಗೆದದ್ದಲ್ಲ, ನಾವು ಶಿಬಿರದಲ್ಲಿ ಕೊಡುವ ಮಾಮೂಲಿ ರಕ್ತದಿಂದ ಬೇರ್ಪಡಿಸಿದ ತಿಳಿ. ಇನ್ನೊಂದು ರೋಗವಂತೂ ನಮ್ಮ ಮನೆಗಳಲ್ಲಿ ಸಂಭ್ರಮದ ದಿನವೇ ಬಯಲಿಗೆ ಬರುತ್ತದೆ. ಖತ್ನಾ ಮಾಡಿಸಿದ ಮಗುವಿಗೆ ರಕ್ತ ನಿಲ್ಲುವುದಿಲ್ಲ. ಹಿಮೋಫಿಲಿಯಾ. ಸಾವಿರ ವರ್ಷದ ಹಿಂದೆ ಅಂದಲೂಸಿನ ಕೊರ್ಡೋಬಾದ ವೈದ್ಯ ಅಬುಲ್ ಕಾಸಿಮ್ ಜಹ್ರಾವಿ, ಸಣ್ಣ ಗಾಯಕ್ಕೇ ರಕ್ತ ಸುರಿದು ಗಂಡಸರು ಸಾಯುತ್ತಿದ್ದ ಊರೊಂದರ ವಿಷಯ ತನ್ನ ‘ಅತ್ತಸ್ರೀಫ್’ ಗ್ರಂಥದಲ್ಲಿ ಬರೆದಿಟ್ಟ. ಅದಕ್ಕೂ ಹಿಂದೆ ಯಹೂದಿ ಧರ್ಮಶಾಸ್ತ್ರ, ಖತ್ನಾದಿಂದ ಅಣ್ಣಂದಿರು ಸತ್ತ ಮನೆಯ ಮಗುವಿಗೆ ವಿನಾಯಿತಿ ಕೊಟ್ಟಿತ್ತು. ಜಹ್ರಾವಿಯ ಕೈಯಲ್ಲಿ ಇದ್ದದ್ದು ಗಾಯ ಸುಡುವ ಕಬ್ಬಿಣ ಮಾತ್ರ. 1964ರಲ್ಲಿ ಅಮೆರಿಕದ ಜುಡಿತ್ ಪೂಲ್ ಎಂಬಾಕೆ, ಹೆಪ್ಪುಗಟ್ಟಿಸಿದ ಪ್ಲಾಸ್ಮಾವನ್ನು ನಿಧಾನವಾಗಿ ಕರಗಿಸಿದಾಗ ತಳದಲ್ಲಿ ಉಳಿಯುವ ಗಸಿಯಲ್ಲಿ ರಕ್ತ ನಿಲ್ಲಿಸುವ ಅಂಶ ತುಂಬಿರುವುದನ್ನು ಕಂಡಳು. ಈಗ ಅದರ ಪುಡಿ ಸಣ್ಣ ಸೀಸೆಯಲ್ಲಿ ಬರುತ್ತದೆ, ಪ್ಲಾಸ್ಮಾ ಇಲ್ಲದೆ ತಯಾರಿಸಿದ್ದೂ ಬಂದಿದೆ. ಕರ್ನಾಟಕದಲ್ಲಿ ಈ ರೋಗಿಗಳಿಗಾಗಿ ದಾವಣಗೆರೆಯಲ್ಲಿ ಸಂಸ್ಥೆ ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರು ಸ್ವತಃ ಹಿಮೋಫಿಲಿಯಾ ಇರುವವರು.

ಈ ರೋಗ ತಾಯಿಯಿಂದ ಗಂಡುಮಗುವಿಗೆ ಬರುತ್ತದೆ. ತಾಯಿಯ ಅಣ್ಣತಮ್ಮಂದಿರಲ್ಲಿ, ಅವಳ ಅಕ್ಕತಂಗಿಯರ ಗಂಡುಮಕ್ಕಳಲ್ಲಿ ಯಾರಿಗಾದರೂ ಸಣ್ಣ ಏಟಿಗೆ ಮೊಣಕಾಲು ಊದಿಕೊಳ್ಳುವುದು, ಹಲ್ಲು ಕಿತ್ತರೆ ರಕ್ತ ನಿಲ್ಲದಿರುವುದು ಇದ್ದರೆ, ಖತ್ನಾದ ದಿನ ಗೊತ್ತು ಮಾಡಿ ದಾವತ್ತಿಗೆ ಹೇಳಿಕಳಿಸುವ ಮೊದಲು ಮಗುವಿನ ರಕ್ತ ಪರೀಕ್ಷೆ ಮಾಡಿಸಬೇಕು. ರೋಗ ಇದೆಯೆಂದು ಗೊತ್ತಾದರೆ, ಆ ಸೀಸೆ ಪಕ್ಕದಲ್ಲಿಟ್ಟುಕೊಂಡು ಆಸ್ಪತ್ರೆಯಲ್ಲೇ ಮಾಡಿಸಬಹುದು.